ಕುದ್ರುವಿಗೆ ಬಂದ ಗೋಣಿ

ನಮ್ಮ ಕಡೆ ನಾಯಿಮರಿಗಳನ್ನು ಯಾರೂ ಕೊಲ್ಲುವುದಿಲ್ಲ. ಹೆಣ್ಣು ಮರಿಗಳಾದರೆ ಗೋಣಿಯಲ್ಲಿ ತುಂಬಿ ಹೊಳೆ ದಾಟಿಸುತ್ತಾರೆ, ಅಷ್ಟೆ. ಕೊಂದ ಪಾಪವೂ ಬೇಡ, ಸಾಕುವ ಉಪದ್ರವೂ ಬೇಡ. ಆಚೆ ದಡದಲ್ಲಿ ಅವುಗಳಿಗೆ ಏನಾಯಿತೆಂದು ನೋಡಲು ಹೋದವರನ್ನು ನಾನಂತೂ ಕಂಡಿಲ್ಲ.

ಐವತ್ತೆಂಟರ ಬೇಸಿಗೆಯಲ್ಲಿ ಉದ್ಯಾವರದ ಡುಲ್ಸಿನ್ ಬಾಯಮ್ಮನೂ ಅದನ್ನೇ ಮಾಡಿದರು. ಹೊಳೆದಂಡೆಯಲ್ಲಿ ಅವರ ಮನೆ. ಹೊಳೆಯ ನಡುವೆ ಒಂದು ಕುದ್ರು, ಸುತ್ತ ನೀರಿರುವ ಮೂರೆಕರೆ ಮರಳುನೆಲ. ಅಲ್ಲಿನ ತೆಂಗಿನ ಮರಗಳೂ ಅವರವೇ. ಮರಗಳನ್ನು ನೋಡಿಕೊಂಡು, ತೆಂಗಿನ ಸಿಪ್ಪೆಯನ್ನು ನೀರಲ್ಲಿ ಕೊಳೆಹಾಕಿ ನಾರು ಬಡಿದು ಅಲ್ಲಿ ಬದುಕುತ್ತಿದ್ದವರು ಕೂಸಪ್ಪ ಮತ್ತು ಅವನ ಹೆಂಡತಿ ವಾರಿಜಾ. ಒಂದು ದಿನ ತೆಂಗಿನಕಾಯಿ ಒಪ್ಪಿಸಿ ಹೊರಟ ಕೂಸಪ್ಪನ ಕೈಗೆ ಬಾಯಮ್ಮ ಬಾಯಿ ಕಟ್ಟಿದ ಗೋಣಿಯೊಂದನ್ನು ಕೊಟ್ಟು, ಆಚೆ ದಡದಲ್ಲಿ ಬಿಟ್ಟುಬಿಡು, ಬಿಚ್ಚಿ ಮೋರೆ ನೋಡಬೇಡ, ನೋಡಿದರೆ ಮನಸ್ಸು ಬರುವುದಿಲ್ಲ ಎಂದರು. ಒಳ್ಳೆಯ ಹೆಂಗಸು. ಆ ಮಾತು ಹೇಳುವಾಗ ಅವರೂ ಗೋಣಿಯ ಕಡೆ ನೋಡುತ್ತಿರಲಿಲ್ಲ.

ಆಗ ಕಡಲಿನ ಇಳಿತ ಶುರುವಾಗಿ ಹೊಳೆಯ ನೀರು ತಗ್ಗುತ್ತಿತ್ತು. ಆಚೆ ದಡಕ್ಕೆ ಹೋಗಿ ಬರುವಷ್ಟರಲ್ಲಿ ದೋಣಿ ಕೆಸರಿನಲ್ಲಿ ಕೂರುತ್ತದೆಂದು ಕೂಸಪ್ಪ ಕುದ್ರುವಿನ ಪಡುವಣ ತುದಿಯ ಕೇದಗೆ ಪೊದೆಯ ಹತ್ತಿರವೇ ಗೋಣಿ ಬಿಚ್ಚಿದ. ನಾಲ್ಕು ಮರಿಗಳು. ಗೋಣಿ ಹೊಸದಾಗಿತ್ತು, ಕೊಡವಿ ಮಡಚಿ ಮನೆಗೆ ತಂದ. ಹೆಂಡತಿಗೆ ಏನೂ ಹೇಳಲಿಲ್ಲ.

ನಾಲ್ಕೈದು ದಿನ ಕಳೆದು ವಾರಿಜಾ ಸಿಪ್ಪೆಯ ಹೊಂಡದ ಕಡೆ ಹೋದಾಗ ಪೊದೆಯಡಿಯಲ್ಲಿ ಒಂದೇ ಒಂದು ಕಪ್ಪು ಮರಿ ಉಳಿದಿತ್ತು. ಉಳಿದವನ್ನು ಹದ್ದು ಒಯ್ದಿತೋ ಭರತದ ನೀರು ಒಯ್ದಿತೋ. ಅವಳು ಕೈ ಚಾಚಿದಳು. ಮರಿ ಕಿರುಚಿ, ಮುಳ್ಳು ತರಚಿದರೂ ಲೆಕ್ಕಿಸದೆ ಇನ್ನೂ ಒಳಗೆ ನುಗ್ಗಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಕೋಳಿ ಸಾಕಿದವಳಿಗೆ, ಅತ್ತೆಯ ಜೊತೆ ಹನ್ನೊಂದು ವರ್ಷ ಬಾಳಿದವಳಿಗೆ, ಹೆದರಿದವರನ್ನು ಅಟ್ಟಬಾರದು ಎಂಬುದು ಗೊತ್ತಿರುತ್ತದೆ. ವಾರಿಜಾಳ ಅಣ್ಣ ದೂಮಪ್ಪನ ಮನೆ ಹೊಳೆದಂಡೆಯಲ್ಲೇ, ಕಾಪುವಿನ ಕಡಲಿಗೆ ಹೋಗಿ ಬಲೆ ಎಳೆಯುವವನು. ಅವನು ಕೊಡುವ ಬೂತಾಯಿ ಮೀನಿನ ತಲೆಗಳನ್ನು ಅವಳು ಒಂದು ಎಲೆಯಲ್ಲಿ ಕಟ್ಟಿಕೊಂಡು ಹೋಗಿ, ಪೊದೆಯ ಎದುರು ಇಟ್ಟು, ಬೆನ್ನು ಹಾಕಿ ಕೂತಳು. ತಿರುಗಿ ನೋಡಲಿಲ್ಲ. ಮೊದಲ ದಿನ ಮೀನು ಇರುವೆಯ ಪಾಲಾಯಿತು. ಎರಡನೇ ದಿನ ಬೆನ್ನ ಹಿಂದೆ ಮೂಳೆ ಮುರಿಯುವ ಸದ್ದು ಕೇಳಿತು. ದಿನಕ್ಕೊಂದು ಮಾರಿನಂತೆ ಎಲೆ ಮನೆಯ ಹತ್ತಿರ ಬಂತು, ಹಿಂದಿನಿಂದ ಮರಿಯೂ ಬಂತು. ಅಂಗಳಕ್ಕೆ ಬರಲು ಮೂರು ವಾರ ಹಿಡಿಯಿತು.

ಬಂದದ್ದೂ ಹೆಸರಿಗೆ. ನಾರು ಬಡಿಯುವ ಕೊಡತಿಯ ಸದ್ದಿಗೆ ಒಲೆಯ ಬೂದಿಯೊಳಗೆ ಹೊಗುವುದು, ಕೊಡೆ ಬಿಡಿಸಿದರೆ ಉಚ್ಚೆ ಹೊಯ್ಯುವುದು, ಕೂಸಪ್ಪನ ನೆರಳು ಬಿದ್ದರೆ ಮಾಯವಾಗುವುದು.

“ಎಂತ ನಾಯಿ ಮಾರಾಯ್ತಿ ಇದು? ಕಳ್ಳ ಬಂದರೆ ಅವನೇ ಇದನ್ನು ಸಮಾಧಾನ ಮಾಡಬೇಕಾದೀತು.”

“ಬೊಗ್ಗಿ ಅಂತ ಹೆಸರಿಟ್ಟಿದ್ದೇನೆ.”

“ಅದು ನನ್ನ ಅಜ್ಜಿಯ ಹೆಸರು ಅಲ್ವಾ?”

“ಅವರೂ ಯಾರು ಕರೆದರೂ ಹೊರಗೆ ಬರುತ್ತಿರಲಿಲ್ಲವಂತೆ. ನೀವೇ ಹೇಳಿದ್ದು.”

ಮರಿ ಎಲ್ಲಿಂದ ಬಂದಿರಬಹುದೆಂದು ಅವಳು ಕೇಳಿದಾಗ ಕೂಸಪ್ಪ, ನೀರಲ್ಲಿ ತೇಲಿ ಬಂದಿರಬೇಕು ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಆದರೆ ಒಂದು ಚಿಂತೆ ಅವಳನ್ನು ಕಚ್ಚಿಕೊಂಡೇ ಇತ್ತು. ಪ್ರತಿ ವರ್ಷ ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳ ಮಳೆಯಲ್ಲಿ ಕುದ್ರು ನಾಲ್ಕೈದು ದಿನ ಮುಳುಗುತ್ತದೆ. ನೀರು ಹೊಸ್ತಿಲಿಗೆ ಬಂತೆಂದರೆ ಇವರು ಪಾತ್ರೆಪಗಡ, ಕೋಳಿ ಎಲ್ಲ ದೋಣಿಗೆ ಹಾಕಿ ದಂಡೆಯ ಮೇಲಿರುವ ದೂಮಪ್ಪನ ಮನೆಗೆ ಹೋಗಬೇಕು. ಬೊಗ್ಗಿಗೆ ದೋಣಿ ಎಂದರೆ ಯಮ. ವೃಷಭ ತಿಂಗಳಲ್ಲಿ ಕೂಸಪ್ಪ ಒಮ್ಮೆ ಅದನ್ನು ಹಿಡಿದೆತ್ತಿ ದೋಣಿಗೆ ಹಾಕಲು ಹೋದ. ಅದು ಅವನ ಹೆಬ್ಬೆರಳಿಗೆ ಹಲ್ಲು ಇಳಿಸಿ, ನೀರಿಗೆ ಹಾರಿ, ಮುಳುಗಿ ಎದ್ದು ದಡ ಸೇರಿ ಮೂರು ದಿನ ಪೊದೆಯಿಂದ ಹೊರಗೆ ಬರಲಿಲ್ಲ. ಅದು ತಾನಾಗಿ ದೋಣಿ ಹತ್ತಬೇಕು, ಇಲ್ಲವಾದರೆ ಕುದ್ರುವಿನ ಜೊತೆ ಮುಳುಗಬೇಕು. ಮೂರನೆಯ ದಾರಿ ಇರಲಿಲ್ಲ.

ಸಿಪ್ಪೆ ಹೊರುವ ಹಳೆಯ ಚಿಕ್ಕ ದೋಣಿಯೊಂದಿತ್ತು. ಹಲಗೆ ಒಡೆದದ್ದರಿಂದ ಹೊಂಡದ ಬದಿಯಲ್ಲಿ ತೆಂಗಿನ ಮರಕ್ಕೆ ಕಟ್ಟಿ ಹಾಕಿದ್ದರು. ವಾರಿಜಾ ಅದಕ್ಕೆ ಡಾಮರು ಹಚ್ಚಿಸಿದಳು, ಬೊಗ್ಗಿಯ ಊಟವನ್ನು ಅದರ ಪಕ್ಕಕ್ಕೆ ಸಾಗಿಸಿದಳು. ಆಮೇಲೆ ದೋಣಿಯ ಅಂಚಿಗೆ, ಆಮೇಲೆ ಒಳಗೆ, ಸಿಪ್ಪೆಯ ರಾಶಿಯ ಮೇಲೆ. ನೀರಿನಲ್ಲಿ ಸ್ವಲ್ಪ ಅಲುಗಿಸಿ ನಿಲ್ಲಿಸುವುದು, ನಡುಗಿದರೆ ಬಿಡುವುದು. ಮಿಥುನ ತಿಂಗಳು ಮುಗಿಯುವಾಗ ಬೊಗ್ಗಿ ಮಳೆ ಬಂದರೆ ತಾನೇ ಹೋಗಿ ಆ ದೋಣಿಯಲ್ಲಿ, ಸಿಪ್ಪೆಯ ಮೇಲೆ ಹೊದೆಸಿದ ತೆಂಗಿನ ಗರಿಯ ಅಡಿಯಲ್ಲಿ ಮಲಗುತ್ತಿತ್ತು. ಮನೆಗಿಂತ ಅದೇ ಅದಕ್ಕೆ ಮನೆಯಾಯಿತು.

ಕೂಸಪ್ಪನೂ ಹೆಂಡತಿಯಂತೆ ಬೆನ್ನು ಹಾಕಿ ಕೂರಲು ಕಲಿತ. ಒಂದು ಸಂಜೆ ಬೊಗ್ಗಿ ಹಿಂದಿನಿಂದ ಬಂದು, ತಾನೇ ಕಚ್ಚಿದ ಹೆಬ್ಬೆರಳನ್ನು ನೆಕ್ಕಿತು. ಅವನು ಬಹಳ ಹೊತ್ತು ಅಲುಗಾಡಲಿಲ್ಲ. ಅಂದು ಊಟ ಮಾಡುವಾಗ ಏನೋ ಹೇಳಲು ಬಾಯಿ ತೆರೆದ, ಮತ್ತೆ ಗಂಜಿಯನ್ನೇ ಕುಡಿದ.

ಆಟಿ ಹದಿನಾಲ್ಕರಂದು ಮಧ್ಯಾಹ್ನ ಹೊಳೆ ಕೆಂಪಾಗಿ ಏರಿತು. ಘಟ್ಟದಲ್ಲಿ ಮಳೆ ಜೋರಿದ್ದಿರಬೇಕು. ಪ್ರತಿ ವರ್ಷದಂತೆ ನಿಧಾನವಾಗಿ ಬರಲಿಲ್ಲ, ಊಟದ ಬಟ್ಟಲು ತೊಳೆಯುವಷ್ಟರಲ್ಲಿ ಅಂಗಳದಲ್ಲಿತ್ತು. ಕೂಸಪ್ಪ ಮೊದಲು ಹೋಗಿ ಚಿಕ್ಕ ದೋಣಿಯ ಹಗ್ಗವನ್ನು ಉದ್ದ ಬಿಟ್ಟು ಬಂದ. ನೆರೆಯಲ್ಲಿ ದೋಣಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ನೀರು ಅದನ್ನು ಅಡಿಗೆ ಎಳೆಯುತ್ತದೆ. ಉದ್ದ ಬಿಟ್ಟರೆ ನೀರಿನ ಜೊತೆ ಏರುತ್ತದೆ. ಆಮೇಲೆ ಇಬ್ಬರೂ ದೊಡ್ಡ ದೋಣಿಗೆ ಅಕ್ಕಿಯ ಮುಡಿ, ಪಾತ್ರೆ, ನಾರಿನ ಕಟ್ಟು ತುಂಬಿದರು.

ವಾರಿಜಾ ದೋಣಿಯೊಳಗೆ ಬೆನ್ನು ಹಾಕಿ ಕೂತು ನಾಲಗೆಯಿಂದ ಮೆಲ್ಲಗೆ ಚ್ಚುಚ್ಚು ಎಂದಳು. ಹಿಂದೆ ಹಲಗೆಯ ಮೇಲೆ ಉಗುರಿನ ಸದ್ದು. ಬೊಗ್ಗಿ ಹತ್ತಿತ್ತು. ಬಾಲ ಹೊಟ್ಟೆಯಡಿ ಇತ್ತು, ಮೈ ನಡುಗುತ್ತಿತ್ತು, ಆದರೆ ಹತ್ತಿತ್ತು, ಬಂದು ಅವಳ ಸೊಂಟಕ್ಕೆ ಒತ್ತಿ ಕೂತಿತು. ಐದು ತಿಂಗಳ ಕೆಲಸ ಮುಗಿಯಿತೆಂದು ಅವಳು ಉಸಿರು ಬಿಟ್ಟಳು.

ಉಳಿದದ್ದು ಕೋಳಿಗಳು. ಅವುಗಳ ಬುಟ್ಟಿಯ ತಳ ಗೆದ್ದಲು ತಿಂದು ಹೋಗಿತ್ತು. ಕೂಸಪ್ಪ ಮಾಡಿನ ಸಂದಿಯಿಂದ ಒಂದು ಗೋಣಿ ಎಳೆದು, ಆರು ಕೋಳಿಗಳನ್ನು ತುಂಬಿ, ಬಾಯಿ ಕಟ್ಟಿ, ಸೊಂಟದೆತ್ತರದ ನೀರನ್ನು ಸೀಳುತ್ತ ಬಂದು ದೋಣಿಗೆ ಇಳಿಸಿದ. ಗೋಣಿ ಒಳಗಿನಿಂದ ಒದ್ದಾಡಿತು, ಕಿರುಚಿತು.

ಬೊಗ್ಗಿ ಅದನ್ನು ಒಂದು ಸಲ ಮೂಸಿತು. ಮರುಕ್ಷಣ ಅದು ದೋಣಿಯಲ್ಲಿ ಇರಲಿಲ್ಲ. ಕೆಂಪು ನೀರಿನ ಮೇಲೆ ಒಂದು ಕಪ್ಪು ತಲೆ, ಕೇದಗೆಯ ಕಡೆಗೆ.

ವಾರಿಜಾ ಹಿಂದೆಯೇ ಇಳಿದಳು. ಎದೆಯವರೆಗೆ ನೀರು. ಕೂಸಪ್ಪ ಅವಳ ರಟ್ಟೆ ಹಿಡಿದು ದೋಣಿಗೆ ಎಳೆದುಕೊಂಡ.

“ವಾರಿಜಾ, ಇನ್ನು ನಿಂತರೆ ನಾವೂ ಇಲ್ಲ.”

“ಆ ಗೋಣಿ ಯಾವುದು?”

ಅವನು ಜಲ್ಲೆಯಿಂದ ದೋಣಿಯನ್ನು ಒತ್ತಿ ನೀರಿಗೆ ತಳ್ಳಿದ. ನಡುಹೊಳೆ ದಾಟುವವರೆಗೆ ಅವನಿಗೆ ಮಾತಾಡಲು ಪುರುಸೊತ್ತು ಇರಲಿಲ್ಲ. ದಾಟಿದ ಮೇಲೆ ಅವಳ ಮುಖ ನೋಡದೆ ಹೇಳಿದ.

“ಬಾಯಮ್ಮ ಕೊಟ್ಟದ್ದು. ಮರಿಗಳನ್ನು ತಂದದ್ದು ಅದರಲ್ಲೇ. ನಾನೇ ಬಿಟ್ಟದ್ದು.”

“ನನಗೆ ಗೊತ್ತುಂಟು,” ಎಂದಳು ವಾರಿಜಾ. “ಆ ಗೋಣಿ ಇಟ್ಟುಕೊಂಡದ್ದು ಗೊತ್ತಿರಲಿಲ್ಲ.”

ದಂಡೆಯ ಮೇಲೆ ದೂಮಪ್ಪನ ಮನೆ. ಕುದ್ರುವಿನಿಂದ ಬೊಗ್ಗಿ ಬೊಗಳುವುದು ಅಲ್ಲಿಗೆ ಕೇಳಿಸುತ್ತಿತ್ತು. ಮಳೆ ಜೋರಾದರೆ ಕೇಳಿಸದು, ನಿಂತರೆ ಮತ್ತೆ ಕೇಳಿಸುವುದು. ಮರುದಿನ ಬೆಳಿಗ್ಗೆ ಕೂಸಪ್ಪ ದೋಣಿ ಬಿಚ್ಚಲು ಹೋದ. ಹೊಳೆಯಲ್ಲಿ ಇಡೀ ಇಡೀ ಮರಗಳು ಬೇರು ಸಮೇತ ಹೋಗುತ್ತಿದ್ದವು. ದೂಮಪ್ಪ ಹುಟ್ಟನ್ನೂ ಜಲ್ಲೆಯನ್ನೂ ಎತ್ತಿಕೊಂಡು ಹೋಗಿ ಒಳಕೋಣೆಗೆ ಹಾಕಿ ಬೀಗ ಜಡಿದು, ನಾಯಿಗೆ ಅಳಬೇಕಾದರೆ ಇಲ್ಲೇ ಕೂತು ಅಳು, ನನ್ನ ತಂಗಿಯನ್ನು ಮುಂಡೆ ಮಾಡಬೇಡ ಎಂದ. ಮಾತು ಒರಟಾದರೂ ತಪ್ಪಲ್ಲ. ಕೂಸಪ್ಪ ಜಗಲಿಯಲ್ಲಿ ಕೂತ. ಮೂರು ದಿನ ಅಲ್ಲೇ ಕೂತಿದ್ದ.

ಎರಡನೇ ದಿನ ಡುಲ್ಸಿನ್ ಬಾಯಮ್ಮ ಕೊಡೆ ಹಿಡಿದು ಬಂದರು, ಸ್ವಲ್ಪ ಅಕ್ಕಿ ತಂದಿದ್ದರು. ಬೊಗಳುವುದು ಕೇಳಿ ಕುದ್ರುವಿನ ಕಡೆ ತಿರುಗಿದರು.

“ಅದು ನಮ್ಮ ಮನೆಯ ಮರಿಯಾ, ವಾರಿಜಾ?”

“ಅಲ್ಲ ಬಾಯಮ್ಮ. ನಮ್ಮದು.”

ಬಾಯಮ್ಮ ಜಪಮಾಲೆಯ ಮಣಿ ತಿರುಗಿಸುತ್ತ, ಯಾರಾದರೂ ಪುಣ್ಯಾತ್ಮರು ಸಾಕಿಕೊಳ್ಳುತ್ತಾರೆ ಎಂದೇ ತಾನು ಪ್ರತಿ ಸಲ ಕಳಿಸುತ್ತಿದ್ದದ್ದು ಎಂದರು. ಅದು ಸುಳ್ಳಾಗಿರಲಿಕ್ಕಿಲ್ಲ.

ಮೂರನೇ ದಿನ ಸಂಜೆ ಮಳೆ ನಿಂತಿತು. ಬೊಗಳುವುದು ಕೇಳಿಸಲಿಲ್ಲ.

ಐದನೇ ದಿನ ನೀರು ಇಳಿಯಿತು. ದೂಮಪ್ಪ ಕೇಳದೆಯೇ ಹುಟ್ಟು, ಜಲ್ಲೆ ತಂದು ಕೊಟ್ಟ. ಕುದ್ರುವಿನಲ್ಲಿ ಮನೆಯ ಪಶ್ಚಿಮದ ಗೋಡೆ ಕುಸಿದು ಮಾಡು ನೆಲಕ್ಕೆ ಬಗ್ಗಿತ್ತು. ಕೇದಗೆ ಪೊದೆ ಕಾಣಲೇ ಇಲ್ಲ, ಅಲ್ಲಿ ಬರೀ ಹೂಳು. ವಾರಿಜಾ ಆ ಕಡೆ ಹೋಗಲಿಲ್ಲ. ಸಿಪ್ಪೆಯ ಹೊಂಡದ ಕಡೆ ನಡೆದಳು.

ಚಿಕ್ಕ ದೋಣಿ ಉದ್ದ ಹಗ್ಗದ ತುದಿಯಲ್ಲಿ ಎರಡು ತೆಂಗಿನ ಮರಗಳ ನಡುವೆ ಸಿಕ್ಕಿ ಓರೆಯಾಗಿ ಕೂತಿತ್ತು. ಒಳಗೆ ಅರ್ಧ ನೀರು. ನೀರಿನ ಮೇಲೆ ಸಿಪ್ಪೆಯ ರಾಶಿ, ರಾಶಿಯ ಮೇಲೆ ಹರಿದ ಗರಿ. ಗರಿಯ ಅಡಿಯಲ್ಲಿ ಎರಡು ಕಣ್ಣು.

“ಬೊಗ್ಗಿ,” ಎಂದ ಕೂಸಪ್ಪ, ಮುಂದೆ ಹೆಜ್ಜೆ ಇಟ್ಟ.

ಅದು ಹಲ್ಲು ಕಿರಿಯಿತು. ಎದ್ದು ನಿಲ್ಲುವ ಶಕ್ತಿ ಇರಲಿಲ್ಲ, ಹೊಟ್ಟೆ ಎಳೆದುಕೊಂಡು ದೋಣಿಯ ಆಚೆ ಮೂಲೆಗೆ ಸರಿಯಿತು. ವಾರಿಜಾ ಅವನನ್ನು ಹಿಂದೆ ನಿಲ್ಲಿಸಿ ತಾನು ಹೋದಳು. ಅವಳಿಗೂ ಅದೇ ಹಲ್ಲು, ಅದೇ ಗುರ್ ಎಂಬ ಸದ್ದು. ಅವಳು ಕರೆದ ದೋಣಿಗೇ ಅಲ್ಲವೇ ಆ ಗೋಣಿ ಬಂದದ್ದು. ಯಾರೂ ಕರೆಯದೆ ತಾನಾಗಿ ಹತ್ತಿದ ಈ ದೋಣಿಯಿಂದ ಇಳಿಯಲು ಅದಕ್ಕೆ ಮನಸ್ಸಿರಲಿಲ್ಲ.

“ಈಗ ಎಂತ ಮಾಡುವುದು?” ಕೂಸಪ್ಪ ಪಿಸುಗುಟ್ಟಿದ.

“ನೀವು ಹೋಗಿ ಮೊದಲು ಆ ಗೋಣಿ ಸುಡಿ.”

“ಒದ್ದೆ ಗೋಣಿ ಹೊತ್ತುವುದಿಲ್ಲ, ವಾರಿಜಾ.”

“ಹಾಗಾದರೆ ಒಣಗುವವರೆಗೆ ಕಾಯಿರಿ. ಎಷ್ಟು ದಿನವಾದರೂ.”

ಅವನು ಹೋದ. ಅವಳು ಸೆರಗಿನ ಗಂಟು ಬಿಚ್ಚಿ, ಮೀನಿನ ತಲೆಗಳನ್ನು ಎಲೆಯಲ್ಲಿ ಹರಡಿ, ದೋಣಿಯಿಂದ ಒಂದು ಮಾರು ದೂರದಲ್ಲಿ ಇಟ್ಟಳು. ಆಮೇಲೆ ಬೆನ್ನು ಹಾಕಿ ಹೂಳಿನಲ್ಲೇ ಕೂತಳು. ಮತ್ತೆ ಹನಿ ಬೀಳಲು ಶುರುವಾಯಿತು. ಹಿಂದೆ ಏನೂ ಸದ್ದಿಲ್ಲ. ಅವಳು ತಿರುಗಿ ನೋಡಲಿಲ್ಲ.