ಒಂದೇ ಒಲೆಯ ವಾಸನೆ

ಫೆರೀದೆಯ ಕೈಯಲ್ಲಿದ್ದ ಬೆಣ್ಣೆಯ ಪೊಟ್ಟಣವನ್ನು ನಫಿಯೆ ಕಿತ್ತುಕೊಂಡಳು.

"ಇದನ್ನ ಮನೆಗೆ ತಗೊಂಡು ಹೋಗಿ ಬಾಣಲೆ ಇಡ್ಬೇಕು ಅಂತಿದ್ದೀಯಲ್ಲ, ಬೇಡ. ಇವತ್ತು ಯಾರ ಮನೇಲೂ ಬೇಡ. ಹಲ್ವ ಆಗೋದು ಈ ಒಲೆ ಮೇಲೆ ಮಾತ್ರ."

ಅಂಗಳದಲ್ಲಿ ಗಂಡಸರು ನಫಿಯೆಯ ಗಂಡ ವೆಹ್ಬಿಯ ಶವಪೆಟ್ಟಿಗೆಯನ್ನು ಆಗಷ್ಟೇ ವ್ಯಾನಿಗೆ ಏರಿಸಿದ್ದರು. ವ್ಯಾನು ಹೂಬಿಟ್ಟ ಪೀಚ್ ಮರಗಳ ನಡುವೆ ಸಾಗಿ ಶೆಪರ್ಟನ್ ಪೇಟೆಯ ಮಸೀದಿಯ ದಾರಿ ಹಿಡಿಯಿತು. ಹೆಂಗಸರು ಅಡುಗೆಮನೆಯಲ್ಲಿ ಉಳಿದರು.

ಮಣ್ಣಾದ ದಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ಹಲ್ವ ಮಾಡುವುದು ನಮ್ಮ ಅಲ್ಬೇನಿಯದ ಹೆಂಗಸರು ಹಳೆಯ ಊರಿನಿಂದ ತಂದ ಪದ್ಧತಿ. ನಮ್ಮ ಹೋಜ, ಅಂದರೆ ಮಸೀದಿಯ ಗುರು, ಇದನ್ನು ಒಪ್ಪುವುದಿಲ್ಲ, ಆದರೆ ತಟ್ಟೆ ಮುಂದಿಟ್ಟರೆ ಬೇಡ ಅನ್ನುವುದೂ ಇಲ್ಲ. ಸತ್ತವರು ಹುರಿದ ಹಿಟ್ಟಿನ ವಾಸನೆ ಹಿಡಿದು ಒಂದು ಸಲ, ಒಂದೇ ಸಲ, ಮನೆಗೆ ಬಂದು ಹೋಗುತ್ತಾರೆ ಎಂದು ನಂಬಿಕೆ. ನೆಂಟರು, ನೆರೆಯವರು ತಮ್ಮ ತಮ್ಮ ಮನೆಯಲ್ಲೂ ಒಂದೊಂದು ಬಾಣಲೆ ಇಡುತ್ತಾರೆ. ಬಾಣಲೆ ಹೆಚ್ಚಿದಷ್ಟೂ ಸತ್ತವನಿಗೆ ಮರ್ಯಾದೆ.

"ಇದ್ಯಾವ ಹೊಸ ಕಾನೂನೇ ತಾಯಿ?" ಫೆರೀದೆ ಸೊಂಟದ ಮೇಲೆ ಕೈಯಿಟ್ಟಳು. ಅವಳು ನಫಿಯೆಯ ಬಾಲ್ಯದ ಗೆಳತಿ, ಬಾಯಿ ಜೋರು. "ನನ್ನ ಗಂಡ ಹೋದಾಗ ಈ ರಸ್ತೆ ಉದ್ದಕ್ಕೂ ಬಾಣಲೆ ಇಟ್ಟಿದ್ರು."

"ಆಮೇಲೆ? ಅವನು ನಿನ್ನ ಮನೆಗೇ ಬಂದ ಅಂತ ಏನು ಖಾತ್ರಿ?"

"ಬದುಕಿದ್ದಾಗ್ಲೇ ಅವನು ನೆಟ್ಟಗೆ ಮನೆಗೆ ಬಂದವನಲ್ಲ, ಬಿಡು."

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ನಫಿಯೆ ನಗಲಿಲ್ಲ.

"ಇಷ್ಟು ವರ್ಷ ಆ ಮನುಷ್ಯ ತೋಟದ ತುಂಬಾ ಏನು ಕಟ್ಟಿದ? ಹೆಣ್ಣು ಪತಂಗದ ವಾಸನೆ ತುಂಬಿದ ತಂತಿ. ಎಲ್ಲಾ ಕಡೆನೂ ಅದೇ ವಾಸನೆ ಇದ್ರೆ, ಹೆಣ್ಣು ಎಲ್ಲಿ ಕೂತಿದ್ದಾಳೆ ಅಂತ ಗಂಡಿಗೆ ಗೊತ್ತೇ ಆಗಲ್ಲ. ಸುತ್ತಿ ಸುತ್ತಿ ಸುಸ್ತಾಗಿ ಎಲ್ಲೋ ಬಿದ್ದು ಸಾಯುತ್ತೆ. ನೀವೆಲ್ಲ ಮನೆಮನೇಲೂ ಹಿಟ್ಟು ಹುರಿದ್ರೆ ನನ್ನ ಗಂಡನ ಗತಿ ಏನು?"

"ವೆಹ್ಬಿ ಏನು ಪತಂಗಾನೇನೇ?"

"ಗಂಡಸು ತಾನೆ!"

"ಅಮ್ಮಾ, ಸಾಕು," ಎಂದಳು ಮಗಳು ಸಾನಿಯೆ. ಆದರೆ ಅಮ್ಮ ಹಟ ಹಿಡಿದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಮೊನ್ನೆ ಎದೆ ನೋವೆಂದು ಆಂಬುಲೆನ್ಸ್ ಹತ್ತುವಾಗ ವೆಹ್ಬಿ, "ಹಿಂದಿನ ಬಾಗಿಲು ಹಾಕ್ಬೇಡ, ಸಂಜೆ ಬರ್ತೀನಿ," ಅಂದಿದ್ದ. ಗಾಬರಿಯಲ್ಲಿ ನಫಿಯೆ ಸಿಡುಕಿದ್ದಳು: "ಹಾಕೇ ಹಾಕ್ತೀನಿ. ಬೀಗದ ಕೈ ತಗೊಂಡು ಹೋಗು." ಅದೇ ಕೊನೆಯ ಮಾತಾಯಿತು. ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಡಲಿಲ್ಲ. ಮೊನ್ನೆಯಿಂದ ಹಿಂದಿನ ಬಾಗಿಲು ಹಗಲೂ ರಾತ್ರಿ ತೆರೆದೇ ಇದೆ. ಪಕ್ಕದ ಮನೆಯ ಬೆಕ್ಕು ಒಳಗೆ ಬಂದು ಅವನ ಕುರ್ಚಿಯಲ್ಲಿ ಮಲಗಿ ಎದ್ದು ಹೋಗಿತ್ತು.

"ಒಂದೇ ಸಲ ಬರೋದು ಅವನು," ಎಂದಳು ನಫಿಯೆ. "ಆ ಒಂದು ಸಲ ದಾರಿ ತಪ್ಪಬಾರದು. ಅಷ್ಟೇ ಕಣ್ರೇ."

ಫೆರೀದೆ ನಫಿಯೆಯ ಕೈಯಿಂದ ಬೆಣ್ಣೆಯ ಪೊಟ್ಟಣವನ್ನು ತೆಗೆದು ಒಲೆಯ ಪಕ್ಕ ಇಟ್ಟಳು. ಆಮೇಲೆ ಫೋನ್ ಎತ್ತಿಕೊಂಡು, ಬಾಣಲೆ ಇಡಲು ಕಾದಿದ್ದ ಒಂದೊಂದು ಮನೆಗೂ ಬೇಡವೆಂದು ಹೇಳತೊಡಗಿದಳು.

*

ಹಲವು ವರ್ಷಗಳ ಹಿಂದೆ ವೆಹ್ಬಿಯ ತಂದೆಯ ತೋಟ ಎರಡು ಭಾಗವಾದಾಗ ಹಳೆಯ ಮನೆ, ಅದರ ಜೊತೆಗೆ ತಾಯಿ, ತಮ್ಮ ಜೆಲಾಲನ ಪಾಲಿಗೆ ಬಂದರು. ವೆಹ್ಬಿ ಆಚೆ ತುದಿಯಲ್ಲಿ ಹೊಸ ಮನೆ ಕಟ್ಟಿಕೊಂಡ. ನಡುವೆ ಬೇಲಿ ಇರಲಿಲ್ಲ, ಒಂದು ಸಾಲು ಪೀಚ್ ಮರವೇ ಗಡಿ.

ಪತಂಗದ ಮರಿಹುಳ ಪೀಚಿನ ಕುಡಿ ಕೊರೆದು, ಕಾಯಿ ಕೊರೆದು, ಇಡೀ ಕಣಿವೆಯನ್ನು ಅಳಿಸುತ್ತಿದ್ದ ಕಾಲವದು. ಮದ್ದು ಹೊಡೆದೂ ಹೊಡೆದೂ ಜನಕ್ಕೇ ಉಬ್ಬಸ ಬಂದಿತ್ತು. ಆಗ ಸಂಶೋಧನಾ ಕೇಂದ್ರದವನೊಬ್ಬ ಸಭೆ ಕರೆದು, ಬೆರಳುದ್ದದ ಕಂದು ತಂತಿ ತೋರಿಸಿದ. ಒಳಗೆ ಹೆಣ್ಣು ಪತಂಗದ ವಾಸನೆ. ಮನುಷ್ಯರ ಮೂಗಿಗೆ ಏನೂ ಇಲ್ಲ. ಮರಮರಕ್ಕೂ ಕಟ್ಟಿ, ಅಂದ.

"ಥೂ, ಪಾಪದ ಕೆಲಸ," ಅಂದಿದ್ದ ಜೆಲಾಲ್ ಎಲ್ಲರೆದುರು. "ಕೊಲ್ಲೋದಾದ್ರೆ ಗಂಡಸಿನ ಹಾಗೆ ಕೊಲ್ಲಿ. ಹೆಂಡ್ತಿ ಸಿಗದ ಹಾಗೆ ಮಾಡೋದು ಯಾವ ನ್ಯಾಯ?"

ಸಭೆ ಬಿದ್ದು ಬಿದ್ದು ನಕ್ಕಿತು. ವೆಹ್ಬಿ ಮಾತ್ರ ತಂತಿ ಕೊಂಡು ತಂದು ಕಟ್ಟಿದ. ತೋಟದ ನಡುವೆ ಹುಳದ ಕಾಟ ನಿಂತಿತು, ತಮ್ಮನ ತೋಟಕ್ಕೆ ತಾಗಿದ ಗಡಿಯ ಸಾಲುಗಳಲ್ಲಿ ನಿಲ್ಲಲಿಲ್ಲ. ಆ ವರ್ಷ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯವರು ಹುಳ ಕಂಡು ಅವನ ಒಂದಿಡೀ ಲಾರಿ ಹಣ್ಣನ್ನು ಬಾಗಿಲಿನಿಂದಲೇ ತಿರುಗಿಸಿದರು.

"ನಿನ್ನ ತೋಟದಲ್ಲಿ ಬಸುರಾಗಿ ಬಂದು ನನ್ನ ಮರದಲ್ಲಿ ಹೆರ್ತಾವೋ!" ಎಂದು ವೆಹ್ಬಿ ತಮ್ಮನ ಅಂಗಳದಲ್ಲಿ ನಿಂತು ಕೂಗಿದ.

"ನನ್ನ ಮನೆ ಬಾಗಿಲಿಗೆ ಬಂದು ಕೂಗ್ತೀಯಾ? ಅಮ್ಮ ಇರೋ ತನಕ ಬಂದು ಹೋಗು. ಆಮೇಲೆ ಈ ಹೊಸಿಲು ತುಳಿಬೇಡ."

ಅಮ್ಮ ಹೋದಳು. ಆ ದಿನ ಹಲ್ವ ತಿಂದು ಎದ್ದ ವೆಹ್ಬಿ ಮತ್ತೆ ಆ ಹೊಸಿಲು ತುಳಿಯಲಿಲ್ಲ. ಜ್ವರ ಬಂದಾಗ ಮಾತ್ರ ಕಿಟಕಿಯಿಂದ ಹಳೆಯ ಮನೆಯ ಹೊಗೆಗೂಡನ್ನೇ ನೋಡುತ್ತಾ ಮಲಗುತ್ತಿದ್ದ. ನಫಿಯೆ ಅದನ್ನು ಕಂಡೂ ಕಾಣದವಳಂತೆ ಇರುತ್ತಿದ್ದಳು, ಒಳಗೊಳಗೇ ಉರಿದುಕೊಳ್ಳುತ್ತಿದ್ದಳು.

*

ಸಂಜೆಯ ಹೊತ್ತಿಗೆ ಗಂಡಸರು ಸ್ಮಶಾನದಿಂದ ಹಿಂದಿರುಗಿ ಅಂಗಳದ ಕುರ್ಚಿಗಳಲ್ಲಿ ಕುಳಿತರು.

"ಚಿಕ್ಕಪ್ಪ ಬಂದಿದ್ರಾ?" ಎಂದು ಸಾನಿಯೆ ಗಂಡನನ್ನು ಕೇಳಿದಳು.

"ಕೊನೇ ಸಾಲಲ್ಲಿ ನಿಂತಿದ್ರು. ಮೂರು ಹಿಡಿ ಮಣ್ಣು ಹಾಕಿದ್ರು, ಯಾರನ್ನೂ ಮಾತಾಡಿಸದೆ ಹೊರಟುಬಿಟ್ರು. ಏನೋ ಅವಸರ ಇದ್ದ ಹಾಗಿತ್ತು."

ನಫಿಯೆ ಬಾಣಲೆಗೆ ಬೆಣ್ಣೆ ಹಾಕಿ, ಕರಗಿದ ಮೇಲೆ ಹಿಟ್ಟು ಸುರಿದಳು. ಸೌಟನ್ನು ಯಾರಿಗೂ ಕೊಡಲಿಲ್ಲ. ಹಿಟ್ಟು ಇನ್ನೂ ಬಣ್ಣ ತಿರುಗಿರಲಿಲ್ಲ, ಆಗ ತೆರೆದ ಹಿಂಬಾಗಿಲಿನಿಂದ ಹುರಿದ ಹಿಟ್ಟಿನ ವಾಸನೆ ಒಳಗೆ ಬಂತು. ಕಡು ವಾಸನೆ, ಸೀದ ವಾಸನೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಾನು ಎಲ್ಲರಿಗೂ ಫೋನ್ ಮಾಡಿದೆ," ಎಂದಳು ಫೆರೀದೆ. "ಎಲ್ಲರಿಗೂ. ಜೆಲಾಲನೊಬ್ಬನಿಗೆ..."

ನಫಿಯೆ ಒಲೆ ಆರಿಸಿದಳು. ಸೆರಗಿನಂತೆ ಇಳಿಬಿದ್ದ ತಲೆವಸ್ತ್ರವನ್ನು ಬಿಗಿದು ಕಟ್ಟಿಕೊಂಡಳು.

"ಅಮ್ಮ, ಎಲ್ಲಿಗೆ?"

"ಅವನ ಒಲೆಗೆ ನೀರು ಸುರಿಯೋಕೆ."

ಹೂಬಿಟ್ಟ ಮರಗಳ ಕೆಳಗೆ ಅವಳು ಬಿರಬಿರನೆ ನಡೆದಳು. ಅರ್ಧ ತೋಟಕ್ಕೆ ಹೊಸ ತಂತಿ ಕಟ್ಟಿ ಆಗಿತ್ತು, ಉಳಿದ ಅರ್ಧದ ತಂತಿಗಳು ವಾಸನೆ ಹೋಗದಿರಲೆಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿದ್ದವು. ಗಡಿಯ ಸಾಲಿನಲ್ಲಿ ಏಣಿ ಹಾಗೆಯೇ ನಿಂತಿತ್ತು, ವೆಹ್ಬಿ ಬಿಟ್ಟಲ್ಲಿಯೇ. ಅವಳು ಅದನ್ನು ಬಳಸಿ ನಡೆದಳು.

*

ಜಗಳವಾಗಿ ಕೆಲವು ವರ್ಷಗಳಾದ ಮೇಲೆ ಒಂದು ವಸಂತದಲ್ಲಿ ವೆಹ್ಬಿ ಊಟಕ್ಕೆ ಕೂತವನೇ ಹೇಳಿದ್ದ:

"ಜೆಲಾಲ್ ತಂತಿ ಕಟ್ತಿದ್ದಾನೆ ಕಣೇ."

"ಅಬ್ಬಾ, ಬುದ್ಧಿ ಬಂತಲ್ಲ."

"ಎಲ್ಲಿ ಬಂತು? ಹೊಟ್ಟೆ ಎತ್ತರಕ್ಕೆ ಕಟ್ತಿದ್ದಾನೆ. ಪತಂಗ ಕೂಡೋದು ಮರದ ನೆತ್ತೀಲಿ. ಇವನು ಕಟ್ಟಿದ್ದು ದಂಡ."

"ಹೋಗಿ ಹೇಳು ಮತ್ತೆ."

"ಅವನು ಬಂದು ಕೇಳ್ಲಿ."

ಕೆಲವು ದಿನ ಕಳೆದು, ಮುಸ್ಸಂಜೆಯಲ್ಲಿ ವೆಹ್ಬಿ ಕಾಲೆಳೆಯುತ್ತಾ ಮನೆಗೆ ಬಂದ. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ನಮ್ಮ ತೋಟದಲ್ಲೇ ಏಣಿ ಜಾರಿತು, ಅಂದ. ಮರುದಿನ ನಫಿಯೆಗೆ ಅವನ ಟೋಪಿ ಸಿಕ್ಕಿದ್ದು ಜೆಲಾಲನ ಮರದ ಬುಡದಲ್ಲಿ. ತಲೆಯೆತ್ತಿ ನೋಡಿದರೆ ತಂತಿಗಳೆಲ್ಲ ನೆತ್ತಿಯ ಕೊಂಬೆಗಳಿಗೆ ಏರಿದ್ದವು.

"ನಮ್ಮ ಹಣ್ಣಿಗೋಸ್ಕರ ಮಾಡಿದ್ದು," ಎಂದು ಅವನು ಗೋಡೆ ನೋಡುತ್ತಾ ಹೇಳಿದ. "ಅವನಿಗೆ ಹೇಳ್ಬೇಡ, ಆಣೆ."

ಅವಳು ಹೇಳಲಿಲ್ಲ. ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಮುಂದಿನ ವಸಂತದಿಂದ ಪ್ರತಿ ವರ್ಷವೂ ಜೆಲಾಲ್ ಪೇಟೆಗೆ ಹೋಗುವ ದಿನ ನೋಡಿಕೊಂಡು ಗಂಡಹೆಂಡಿರಿಬ್ಬರೂ ಕಳ್ಳರಂತೆ ಆ ಸಾಲುಗಳಿಗೆ ನುಗ್ಗುತ್ತಿದ್ದರು. ಅವನು ಹತ್ತುತ್ತಿದ್ದ, ಅವಳು ಏಣಿ ಹಿಡಿಯುತ್ತಿದ್ದಳು.

*

ಹಳೆಯ ಮನೆಯ ಅಡುಗೆಕೋಣೆ ಹೊಗೆಯಿಂದ ತುಂಬಿತ್ತು. ಹೆಂಡತಿ ಸತ್ತ ಮೇಲೆ ಜೆಲಾಲ್ ಅಲ್ಲಿ ಒಬ್ಬನೇ. ಸ್ಮಶಾನದ ಕೋಟು ಬಿಚ್ಚದೆ, ಬೂಟಿನ ಮಣ್ಣು ಒರೆಸದೆ, ಅಮ್ಮನ ಹಳೆಯ ಬಾಣಲೆಯಲ್ಲಿ ಎರಡೂ ಕೈಯಿಂದ ಸೌಟು ತಿರುಗಿಸುತ್ತಿದ್ದ.

"ಆರಿಸು ಒಲೆ," ಎಂದಳು ನಫಿಯೆ ಬಾಗಿಲಲ್ಲೇ ನಿಂತು.

"ಇಷ್ಟು ವರ್ಷ ಆದ್ಮೇಲೆ ಬಂದು ಮೊದಲನೇ ಮಾತು ಇದಾ, ಅತ್ತಿಗೆ?"

"ಸೀದು ಕರಕಾಗಿದೆ."

"ಸೀಯಲಿ ಅಂತಾನೇ ಬಿಟ್ಟಿದ್ದೀನಿ." ಅವನು ತಿರುಗಿ ನೋಡಲಿಲ್ಲ. "ಅಮ್ಮ ಯಾವತ್ತು ಸೀಯದ ಹಾಗೆ ಹಲ್ವ ಮಾಡಿದ್ಲು? ಅಣ್ಣನಿಗೆ ಗುರುತು ಸಿಗೋದು ಈ ವಾಸನೇನೇ. ಒಂದ್ಸಲ ಬರ್ಲಿ. ಅವನಿಗೊಂದು ಮಾತು ಹೇಳ್ಬೇಕಿತ್ತು."

"ಏನು ಮಾತು?"

"ಅವನು ಹೇಳಿದ್ದೇ ಸರಿ ಅಂತ. ನಾನೂ ತಂತಿ ಕಟ್ದೆ, ಹುಳ ಹೋಯ್ತು ಅಂತ."

ಈ ವಾಸನೆ ಬಿಟ್ಟು ವೆಹ್ಬಿ ನಫಿಯೆಯ ಹೊಂಬಣ್ಣದ ಹಲ್ವ ಹುಡುಕಿಕೊಂಡು ಬರುವುದಿಲ್ಲ. ಇಲ್ಲಿಗೇ ಬರುತ್ತಾನೆ. ಇದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ, ಹಾಗಾಗಿ ಕೋಪ ನೆತ್ತಿಗೇರಿತು.

"ನಿನ್ನ ತಂತಿಯಿಂದ ಹುಳ ಹೋಗ್ಲಿಲ್ಲ ಕಣಯ್ಯಾ! ನೀನು ಕಟ್ತಿದ್ದಿದ್ದು ಹೊಟ್ಟೆ ಎತ್ತರಕ್ಕೆ. ಅವು ನೆತ್ತಿಗೆ ಹೇಗೆ ಹೋದ್ವು ಅಂತ ಒಂದು ದಿನಾನಾದ್ರೂ ಯೋಚನೆ ಮಾಡಿದ್ಯಾ?"

ಸೌಟು ನಿಂತಿತು.

"ಮರ ಬೆಳೀತು, ಜೊತೆಗೆ ಅವೂ ಮೇಲೆ ಹೋದ್ವು ಅಂದ್ಕೊಂಡಿದ್ದೆ."

"ಪೆದ್ದ! ಹುಟ್ಟಿದಾಗಿಂದ ಮರದ ಕೆಳಗೆ ಇದ್ದೀಯ. ನಿಮ್ಮಣ್ಣನ ಮೊಣಕಾಲು ಎಲ್ಲಿ ಮುರೀತು ಗೊತ್ತಾ? ನಿನ್ನ ಮರದಿಂದ ಬಿದ್ದು. ಆಮೇಲೂ ವರ್ಷಾವರ್ಷ ಹತ್ತಿದ. ಏಣಿ ಹಿಡಿದವಳು ನಾನು."

ಜೆಲಾಲ್ ಸೌಟನ್ನು ಬಿಟ್ಟು ಒಲೆಯ ಅಂಚು ಹಿಡಿದುಕೊಂಡ. ಚಿಕ್ಕ ಹುಡುಗನಂತೆ ಬಾಯಿಬಿಟ್ಟು ಅತ್ತ. ನಫಿಯೆ ನಿಂತು ನೋಡಿದಳು. ನೀರು ಸುರಿಯಲು ಬಂದವಳು ಸೌಟು ಎತ್ತಿಕೊಂಡು, ಹಿಟ್ಟು ಇನ್ನಷ್ಟು ಸೀಯದಂತೆ ತಿರುವತೊಡಗಿದಳು. ಅವಳ ಕಣ್ಣೂ ತುಂಬಿ ಹರಿಯಿತು. ಹೊಗೆ, ಎಂದುಕೊಂಡಳು. ಹೊಗೆಯಲ್ಲ ಎಂದು ಅವಳಿಗೇ ಗೊತ್ತಿತ್ತು.

"ಸಕ್ಕರೆ ಪಾಕ ಎಲ್ಲಿ?"

"ಮಾಡಿಲ್ಲ. ಹೇಗೆ ಮಾಡೋದು ಅಂತ ಗೊತ್ತಿಲ್ಲ."

"ನನ್ನ ಮನೇಲಿದೆ." ಅವಳು ಮೂಗು ಒರೆಸಿಕೊಂಡಳು. "ಆ ಕಡೆ ಹಿಡಿಕೆ ಹಿಡ್ಕೋ. ಬಟ್ಟೆ ಸುತ್ತು, ಸುಡುತ್ತೆ. ನನ್ನ ಒಲೆ ಆರಿಸಿ ಬಂದಿದ್ದೀನಿ. ಈಗ ಊರಿಗೆಲ್ಲ ಇದೊಂದೇ ವಾಸನೆ. ಬಂದವನು ಇಲ್ಲಿಗೇ ಬಂದಿರ್ತಾನೆ. ಇಲ್ಲಿಂದ ಮನೆಗೆ ಕರ್ಕೊಂಡು ಹೋಗೋಣ."

ಜೆಲಾಲ್ ತಟ್ಟೆಯೊಂದನ್ನು ತಂದು ಬಾಣಲೆ ಮುಚ್ಚಲು ಹೋದ.

"ಮುಚ್ಚಬೇಡವೋ. ಮುಚ್ಚಿದ್ರೆ ಅವನು ಏನು ಹಿಡ್ಕೊಂಡು ಬರ್ಬೇಕು?"

ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ಹೊಸಿಲು ದಾಟಿದರು. ಗಾಳಿ ನಿಂತಿತ್ತು. ಸೀದ ಹಿಟ್ಟಿನ ಹೊಗೆ ಅವರ ಹಿಂದೆ, ಹೂಬಿಟ್ಟ ಕೊಂಬೆಗಳ ಕೆಳಗೆ, ನಿಧಾನವಾಗಿ ತೆವಳಿಕೊಂಡು ಬರುತ್ತಿತ್ತು. ಬಟ್ಟೆಯೊಳಗಿಂದಲೂ ಕೈ ಸುಡತೊಡಗಿ ಜೆಲಾಲ್ ಬೇಗ ಬೇಗ ಹೆಜ್ಜೆ ಹಾಕಿದ. ಏಣಿಯ ಹತ್ತಿರ ಬಂದಾಗ ನಫಿಯೆ ಬಾಣಲೆಯನ್ನು ಹಿಂದಕ್ಕೆ ಜಗ್ಗಿದಳು.

"ನಿಧಾನ ನಡಿ. ಅವನ ಮೊಣಕಾಲು ಸರಿ ಇಲ್ಲ."

ಜೆಲಾಲ್ ಹೆಜ್ಜೆ ಸಣ್ಣದು ಮಾಡಿದ. ಮರದ ಸಾಲಿನ ಆಚೆ ಹಿಂಬಾಗಿಲು ತೆರೆದೇ ಇತ್ತು.