ಎರಡು ಕಾಲಂ, ಐದು ಸೆಂಟಿಮೀಟರ್

ಅಪ್ಪನ ಭಾವಚಿತ್ರದ ಮೇಲೆ ಸ್ಕೇಲು ಇಟ್ಟು ರಕ್ಷಿತಾ ಮತ್ತೆ ಅಳೆದಳು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ನಾಲ್ಕು ಗಂಟೆಯೊಳಗೆ ಹುಬ್ಬಳ್ಳಿಯ ಪತ್ರಿಕಾ ಕಚೇರಿಗೆ ಕಳಿಸದಿದ್ದರೆ ನಾಳೆ ನಿಧನದ ಜಾಹೀರಾತು ಬರುವುದಿಲ್ಲ. ಆಗಲೇ ಮೂರೂವರೆ.

“ಕಾಲು ಪುಟ ಹಾಕು, ಕಲರ್‌ನಲ್ಲಿ,” ಬಾಗಿಲಲ್ಲೇ ನಿಂತು ಚಿಕ್ಕಪ್ಪ ಕೆರಿಯ ಹೇಳಿದ. “ಮೂವತ್ತು ವರ್ಷ ಶಿರಸಿಯವರ ಫೋಟೋ ಎಲ್ಲ ಹಾಕಿಸಿದವ ಅಣ್ಣ. ಅವನದ್ದೇ ಅಂಚೆಚೀಟಿಯಷ್ಟು ಮಾಡ್ತ್ಯಾ? ದುಡ್ಡು ನಾ ಕೊಡ್ತೆ.”

“ದುಡ್ಡಲ್ಲ ಚಿಕ್ಕಪ್ಪ. ಅಪ್ಪ ಬೈತಿದ್ದ.”

“ಈಗ ಎದ್ದು ಬಂದು ಬೈತಾನಾ?”

*

ಶಿರಸಿಯಲ್ಲಿ ಅಪ್ಪನ ಜಾಹೀರಾತು ಕಚೇರಿಗೆ ಬಂದವರು ಅಳುತ್ತಲೇ ದೊಡ್ಡದು ಕೇಳುತ್ತಿದ್ದರು. ಅಪ್ಪ ವಿಶ್ವೇಶ್ವರ ನೀರು ಕೊಟ್ಟು, ಹಳೆಯ ಪತ್ರಿಕೆ ಬಿಡಿಸುತ್ತಿದ್ದ. “ಅಗಲಕ್ಕೆ ಎರಡು ಕಾಲಂ, ಉದ್ದಕ್ಕೆ ಐದು ಸೆಂಟಿಮೀಟರ್. ಗುಣಿಸಿದ್ರೆ ಹತ್ತು. ಇನ್ನೂರರ ದರಕ್ಕೆ ಎರಡು ಸಾವಿರ. ಸಾಕು. ಹದಿಮೂರನೇ ದಿನದ ಊಟಕ್ಕೂ ಬೇಕಲ್ಲ?” ಆಮೇಲೆ ‘ಸರಳಜೀವಿ’, ‘ಅಜಾತಶತ್ರು’, ಮನೆಯವರ ಹೆಸರುಗಳು ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದು ‘ಕುಟುಂಬ ವರ್ಗ’ ಎಂದು ಬರೆಯುತ್ತಿದ್ದ. ಅವನ ಕಮಿಷನ್ನೂ ಅದರೊಂದಿಗೇ ಕುಗ್ಗುತ್ತಿತ್ತು. ರಕ್ಷಿತಾಗೆ ಆ ಕೆಂಪು ಗೀರಿನ ಮೇಲೆ ಹೆಮ್ಮೆ.

*

“ಪೇಪರಿನವ್ರ ಮಗಳು ನೀನೇನವ್ವಾ?” ಮುದುಕಿಯೊಬ್ಬಳು ಕೆರಿಯನನ್ನು ಸರಿಸಿ ಒಳಬಂದಳು. “ಅನ್ನಪೂರ್ಣವ್ವ ಅಂತ, ಬನವಾಸಿಯಿಂದ. ಹೋದ ವರ್ಷ ನನ್ನ ಯಜಮಾನ್ರು ತೀರಿಕೊಂಡಾಗ, ಕೆಳಗ ನನ್ನ ಹೆಸರು ಹಾಕ್ರಿ ಅಂದಿದ್ದೆ. ನಿಮ್ಮಪ್ಪ ಹೊಡದು ಹಾಕಿದ್ರು. ಒಂದು ಸೆಂಟಿಮೀಟರ್ ಉಳೀತು, ನಾಕ್ನೂರು ರೂಪಾಯಿ ಅಂದ್ರು.”

“ನಿಮ್ಗೇ ಉಳೀಲಿ ಅಂತ...”

“ಉಳೀತವ್ವ. ಆದ್ರ ನನ್ನ ಹೆಸರು ಅಚ್ಚಾಗಿದ್ದು ರೇಷನ್ ಕಾರ್ಡ್‌ನಾಗ ಒಂದ. ಅದನ್ನೂ ಇಲಿ ಕಡದೈತಿ.”

ಕೆರಿಯ ನಕ್ಕುಬಿಟ್ಟು, ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

“ನನಗ ಬ್ಯಾಸರಾತು ಅಂತ ತಿಳಿದು ನಿಮ್ಮಪ್ಪ ಮನಿಗೆ ಬಂದಿದ್ರು. ಬಾಗಿಲಾ ತಗೀಲಿಲ್ಲ ನಾನು,” ಅಂದಳು ಅನ್ನಪೂರ್ಣವ್ವ. “ಅದಕ್ಕ ಇವತ್ತ ಬಂದೆ.”

ರಕ್ಷಿತಾ ಫೋನು ನೋಡಿದಳು. ಸಿದ್ಧವಾಗಿದ್ದ ಜಾಹೀರಾತಿನಲ್ಲಿ ಅಪ್ಪನ ಹೆಸರು, ವಯಸ್ಸು, ಊರು ಬಿಳಗಿ, ಕೊನೆಗೆ ‘ಕುಟುಂಬ ವರ್ಗ’. ಗೋಡೆಗೊರಗಿದ್ದ ಅಮ್ಮನನ್ನು ಬೆಳಗಿನಿಂದ ಯಾರೂ ಏನೂ ಕೇಳಿರಲಿಲ್ಲ.

ಕೊನೆಯ ಸಾಲು ಅಳಿಸಿ, ಅಲ್ಲಿ ಎರಡು ಸಾಲು ಬರೆದಳು. ಆರು ಸೆಂಟಿಮೀಟರಾಯಿತು.

“ಹೊತ್ತಾಯ್ತು, ಎತ್ತುವಾ!” ಅಂಗಳದಿಂದ ಯಾರೋ ಕೂಗಿದರು.

“ಅಮ್ಮಾ, ಇದು ಅಡ್ಡಿಲ್ಲನಾ ನೋಡು.”

ವೆಂಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟಳು. ಎರಡು ಸಲ ಮುಟ್ಟಿದ್ದಕ್ಕೆ ಪರದೆಯ ಅಕ್ಷರಗಳು ತಟ್ಟನೆ ಹಿಗ್ಗಿದವು. ಗಂಡನ ಚಿತ್ರ ಅಂಚಿನಾಚೆ ಸರಿದು, ‘ವೆಂಕಮ್ಮ’ ಎಂಬುದೊಂದೇ ಪರದೆ ತುಂಬ ನಿಂತಿತು.