ಒಂದು ಸೂಲಿನ ಹಾಲು

ಆ ವರ್ಷ ಆಟಿ ತಿಂಗಳ ಜಡಿಮಳೆಗೆ ಕೂಳೂರಿನ ಹೊಳೆ ದಡ ಮೀರಿತು. ಹೊಳೆ ನಡುವಿನ ನಡುಗಡ್ಡೆ, ಕುದ್ರುವಿನಲ್ಲಿ ಮೇಯುತ್ತಿದ್ದ ತುಂಬುಗಬ್ಬದ ಹಸುವೊಂದು ಮುಳುಗದೆ ಉಳಿದ ದಿಬ್ಬದ ಮೇಲೆ ಸಿಕ್ಕಿಬಿತ್ತು. ಹಸು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ದೇವದಾಸನದು. ನೀರಿಗೆ ಇಳಿಯಬೇಕಾಗಿಲ್ಲದವರ ಧೈರ್ಯದಿಂದ ಅವನು ದಡದಲ್ಲಿ ಕೊಡೆ ಹಿಡಿದು ನಿಂತು, ದೋಣಿ ಬಿಡುತ್ತಿದ್ದವರಿಗೆ ಕೂಗಿದ: "ಲೀಲಾಧರಾ, ಹಸುವನ್ನು ಉಳಿಸಿ ಕೊಡು ಮಾರಾಯ! ಈ ಸೂಲಿನ ಹಾಲು ಪೂರ್ತಿ ನಿನ್ನ ಮನೆಗೆ!"

ಲೀಲಾಧರನಿಗೆ ಬೇಕಿದ್ದುದೂ ಅದೇ. ಜ್ವರದಲ್ಲಿ ಹೆಂಡತಿ ದಮಯಂತಿಯ ಎದೆಹಾಲು ಬತ್ತಿತ್ತು. ಮೂರು ತಿಂಗಳ ಮಗಳು ಕಿನ್ನಿ ಗಂಜಿತಿಳಿ ಕುಡಿದು ಕಡ್ಡಿಯಾಗಿದ್ದಳು.

ದೋಣಿಯ ಮುಂದೆ ದಮಯಂತಿಯ ಅಣ್ಣ ನಿತ್ಯಾನಂದ, ಹಿಂದೆ ಲೀಲಾಧರ. ಹಸು ದೋಣಿ ಹತ್ತಲು ಸುತರಾಂ ಒಪ್ಪಲಿಲ್ಲ. ಲೀಲಾಧರ ಮಳೆ ಹಿಡಿದಾಗಿನಿಂದ ಕೂತು ಹೆಣೆದ ಹೊಸ ಬಲೆಯನ್ನೇ ಕೊಯ್ದು, ಹಸುವಿನ ಹೊಟ್ಟೆಯಡಿ ಸುತ್ತಿ, ದೋಣಿಯ ಮಗ್ಗುಲಿಗೆ ಬಿಗಿದು ತೇಲಿಸಿ ತಂದ. ಬಲೆ ಹೋದದ್ದಕ್ಕೆ ಅವನು ಮರುಗಲೂ ಇಲ್ಲ.

ಹತ್ತನೆಯ ದಿನ ಹಸು ಕರು ಹಾಕಿತು. ಚೊಂಬು ಹಿಡಿದು ಹೋದ ಲೀಲಾಧರನನ್ನು ದೇವದಾಸ ಕೇಳಿದ: "ಯಾವ ಹಾಲು?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಆದರೆ ಲೀಲಾಧರ ಹೆದರಲಿಲ್ಲ. ಸಾಕ್ಷಿಗೆ ಭಾವ ನಿತ್ಯಾನಂದ ದೋಣಿಯಲ್ಲೇ ಇದ್ದನಲ್ಲ. ಅಳಿಯಕಟ್ಟಿನ ಅವರ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬದವರು, ಅವರನ್ನು ಕಾಯುವ ಹೊಣೆ ಸೋದರಮಾವನದು. ಕಿನ್ನಿಯ ಬಾಯಿಗೆ ಬೀಳುವ ಹಾಲು ನಿತ್ಯಾನಂದನ ಕುಟುಂಬಕ್ಕೇ ಸೇರುವ ಹಾಲು.

ಲೀಲಾಧರನ ದೂರು ಕೇಳಿ, ಕೇರಿಯ ನ್ಯಾಯ ತೀರಿಸುವ ಗುರಿಕಾರರು ಎಲ್ಲರನ್ನೂ ದೋಣಿಯ ಹತ್ತಿರ ಕರೆಸಿದರು. "ದೋಣಿಯ ಮೂತಿ ಮುಟ್ಟಿ ಹೇಳು ನಿತ್ಯಾನಂದ. ಆ ದಿನ ರೈಟರು ಎಂತ ಹೇಳಿದ್ದು?"

ಅವರಲ್ಲಿ ದೋಣಿ ಮುಟ್ಟಿ ಸುಳ್ಳಾಡಿದವನು ಇಲ್ಲ. ನಿತ್ಯಾನಂದ ಮುಟ್ಟಿದ.

"ಗಾಳಿ ಜೋರಿತ್ತು. ನನಗೆ ಎಂತದೂ ಕೇಳಲಿಲ್ಲ."

"ಒಂದೇ ದೋಣಿಯಲ್ಲಿ ಕೂತ ನನಗೆ ಕೇಳಿತು, ನಿನಗೆ ಕೇಳಲಿಲ್ಲವಾ ಭಾವ?"

ನಿತ್ಯಾನಂದ ದೋಣಿಯಿಂದ ಕೈ ತೆಗೆದ. ಸಾಕ್ಷಿಯಿಲ್ಲದ ಮಾತಿಗೆ ಗುರಿಕಾರರಾದರೂ ಏನು ಮಾಡಿಯಾರು? ದೇವದಾಸ ಕೊಡೆ ಬಿಚ್ಚಿ ಮನೆಗೆ ಹೋದ.

ಮನೆಯಲ್ಲಿ ದಮಯಂತಿ ಮಗುವಿನ ಬಾಯಿಗೆ ಗಂಜಿತಿಳಿ ಹನಿಸುತ್ತಿದ್ದಳು. "ಮಳೆ ಬಿಟ್ಟ ಮೇಲೆ ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಉಂಟಂತೆ," ಎಂದಳು ತಲೆಯೆತ್ತದೆ. "ರೈಟರೇ ಮಾಡಿಸಿ ಕೊಡ್ತಾರಂತೆ. ಅತ್ತಿಗೆ ಖುಷಿಯಲ್ಲಿ ಹೇಳಿ ಹೋದಳು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದೇವದಾಸನ ಮೇಲೆ ಲೀಲಾಧರನಿಗೆ ಬರೀ ಸಿಟ್ಟು, ಅದು ಬೈದರೆ ಇಳಿಯುವಂಥದು. ಭಾವನ ಮಾತು ಮಾತ್ರ ಗಂಟಲಿನ ಮುಳ್ಳಿನಂತೆ ಒಳಗೇ ನಿಂತಿತು.

ಮರುದಿನವೂ ಇಬ್ಬರೂ ಒಂದೇ ದೋಣಿ ಹತ್ತಿದರು. ಇದ್ದದ್ದು ಒಂದೇ ದೋಣಿ, ಹೊಟ್ಟೆ ಕೇಳಬೇಕಲ್ಲ. ಅಳಿವೆಯ ಹತ್ತಿರ ಪಡುಗಾಳಿ ಹಸು ತಂದ ದಿನಕ್ಕಿಂತ ಜೋರಾಗಿ ಮುಖಕ್ಕೆ ರಾಚುತ್ತಿತ್ತು. ಮುಂದೆ ಭಾವನ ಬೆನ್ನು. ಮಲಗಿದ ಮಗು ಏಳದಂತೆ ಮಾತಾಡುವ ಸಣ್ಣ ದನಿಯಲ್ಲಿ ಲೀಲಾಧರ ಹೇಳಿದ:

"ಭಾವ, ಎಡಕ್ಕೆ ಕಲ್ಲುಂಟು."

ನಿತ್ಯಾನಂದ ತಟ್ಟನೆ ದೋಣಿಯನ್ನು ಬಲಕ್ಕೆ ಎಳೆದ.

ಅಲ್ಲಿ ಕಲ್ಲಿರಲಿಲ್ಲ. ಅದು ತಿಳಿದ ಕ್ಷಣ ಅವನ ಕೈಯ ಹುಟ್ಟು ಅರ್ಧಕ್ಕೇ ನಿಂತಿತು. ಅವನು ಹಿಂತಿರುಗಿ ನೋಡಲಿಲ್ಲ.

"ಇವತ್ತೂ ಗಾಳಿ ಜೋರುಂಟು," ಎಂದ ಲೀಲಾಧರ.